ಕೆಲಸದಮ್ಮನ ಬಾಗಿನ

ಏಳು ಕೆರೆ ದಾಟಿ ಏಳು ತೋಪು ದಾಟಿ ಹೋದರೆ ಅಲ್ಲೊಬ್ಬ ರಾಜ, ಆ ರಾಜನಿಗೆ ಒಬ್ಬಳೇ ಮಗಳು, ಆ ಮಗಳು ಒಂದು ಸಂಜೆ ಆಡುತ್ತಿದ್ದ ಆಟ ಅರ್ಧಕ್ಕೇ ಬಿಟ್ಟು ಎದ್ದು ಕೆರೆ ಏರಿಯ ಮೇಲೆ ನಡೆದುಹೋದಳಂತೆ, ಹೋದವಳು ತಿರುಗಿ ನೋಡಲಿಲ್ಲವಂತೆ — ಅಜ್ಜಿಯ ಈ ಕಥೆ ಈಗಲೇ ಯಾಕೆ ಬರಬೇಕು, ಕಿಟಕಿಯಾಚೆ ದಾಬಸ್‌ಪೇಟೆಯ ಗೋಡೌನುಗಳ ನೀಲಿ ತಗಡು ಮಧ್ಯಾಹ್ನದ ಬಿಸಿಲಿಗೆ ಹೊಳೆದು ಹೊಳೆದು ಹಿಂದಕ್ಕೆ ಓಡುತ್ತಿರುವಾಗ, ಎದುರು ಸೀಟಿನ ಹೆಂಗಸು ಕಡಲೆಕಾಯಿ ಸಿಪ್ಪೆಯನ್ನು ಮಡಿಲಲ್ಲೇ ಕೂಡಿಸಿಕೊಳ್ಳುತ್ತ ನನ್ನ ತೊಡೆಯ ಮೇಲಿನ ಚೀಲವನ್ನೇ ನೋಡುತ್ತಿರುವಾಗ. ಗೌರಿ ಬಾಗಿನಾನಾಮ್ಮ, ಅಂತ ಕೇಳಿದಳು ಯಶವಂತಪುರ ಬಿಟ್ಟ ಕೂಡಲೇ. ಹೂಂ ಅಂದೆ. ಯಾರಿಗೆ, ಅಕ್ಕನಿಗಾ? ಇಲ್ಲ, ನಮ್ಮ ಸೋದರತ್ತೆಗೆ, ತುಮಕೂರಲ್ಲಿದ್ದಾರೆ. ಒಳ್ಳೇ ಮಗು ಕಣವ್ವ ನೀನು, ಈಗಿನ್ ಕಾಲ್ದಲ್ಲಿ ಮೊರ ಹೊತ್ಕೊಂಡ್ ಯಾರ್ ಹೋಗ್ತಾರೆ, ಫೋನಲ್ಲೇ ಕೆಲ್ಸ ಮುಗಿಸ್ ಬುಡ್ತಾರೆ. ಒಳ್ಳೇ ಮಗು. ಕಿವಿ ಬಿಸಿಯಾಯಿತು, ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡೆ. ಈಗ ಹೂಂ ಅನ್ನುವುದು ಎಷ್ಟು ಸಲೀಸು, ಇವಳ ಮುಂದೆ, ಕಡಲೆಕಾಯಿಯ ಮುಂದೆ, ಊರಿನ ಕಡೆ ಓಡುತ್ತಿರುವ ರೈಲಿನಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಇದೇ ಬಾಯಿ ಇದೇ ಚೀಲಕ್ಕೆ ನಂದಲ್ಲ ಅಂದಿತ್ತು. ನಂದಲ್ಲ ಅಂದಿದ್ದರೆ ಹೋಗಲಿ ಎನ್ನಬಹುದಿತ್ತು, ಆಮೇಲೆ ಇನ್ನೂ ಒಂದು ಮಾತು ಸೇರಿಸಿತ್ತು — ಬೇಡ, ಅದನ್ನು ಈಗ ನೆನೆಯುವುದು ಬೇಡ, ರೈಲು ಅಲುಗಿದಾಗೆಲ್ಲ ಚೀಲದೊಳಗೆ ಗುಲಗಂಜಿ ಗಲಗಲ ಅನ್ನುತ್ತಿದೆ, ಒಗರು ನಗೆಯ ಹಾಗೆ, ಅದರ ಮೇಲೆ ಅಂಗೈ ಒತ್ತಿ ಹಿಡಿದಿದ್ದೇನೆ.

ಶುಕ್ರವಾರ ಸಂಜೆ ಅಪ್ಪ ಡೈರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿಕೊಂಡು ಅಜ್ಜಿ ಹಿತ್ತಿಲ ಬಾಗಿಲು ಮುಂದಕ್ಕೆ ತಳ್ಳಿ ಮೊರ ಕಟ್ಟಿದ್ದಳು. ಹೊಸ ಬಿದಿರಿನ ವಾಸನೆ, ಅರಿಶಿನದ ವಾಸನೆ, ಅಜ್ಜಿಯ ಎಲೆಅಡಿಕೆಯ ವಾಸನೆ. ಕೆಳಗಿನ ಮೊರಕ್ಕೆ ಅಕ್ಕಿ ಬೇಳೆ ಬೆಲ್ಲದ ಪೊಟ್ಟಣ, ನಮ್ಮ ತೋಟದ್ದೇ ಜುಟ್ಟಿನ ತೆಂಗಿನಕಾಯಿ, ಹಸಿರು ಬಳೆ, ಬಿಚ್ಚೋಲೆ, ಬಾಚಣಿಗೆ, ಅಂಗೈಯಗಲದ ಕನ್ನಡಿ, ರವಿಕೆ ಕಣ; ಅಷ್ಟನ್ನು ನಾನು ನೋಡಿದೆ, ಆಮೇಲೆ ಆ ಕಡೆ ತಿರುಗೇ ಅಂದಳು, ತಿರುಗಿದೆ, ಇನ್ನೇನನ್ನೋ ಸೇರಿಸಿದಳು, ಮೇಲೊಂದು ಮೊರ ಕವುಚಿ ಅರಿಶಿನ ಹಚ್ಚಿದ ದಾರ ಸುತ್ತಿ ಗಂಟು ಹಾಕಿದಳು. ಇನ್ಮೇಲೆ ಇದನ್ನ ಯಾರೂ ನೋಡ್ಬಾರ್ದು ಕಣೇ ಮಾಲೂ, ಕೊಟ್ಟೋಳೂ ನೋಡ್ಬಾರ್ದು, ಹೊತ್ತೋಳೂ ನೋಡ್ಬಾರ್ದು, ತಗೊಂಡೋಳೇ ಬಿಚ್ಬೇಕು. ಅತ್ತೆಗೆ ಫೋನ್ ಮಾಡಿ ಹೇಳಿಬಿಡಲಾ ಬರ್ತೀನಿ ಅಂತ, ಅಂದೆ. ಫೋನ್ ಮಾಡಿ ತರಿಸ್ಕೊಳ್ಳೋಕೆ ಅವಳೇನ್ ಗ್ಯಾಸ್ ಸಿಲಿಂಡರ್ರಾ, ಹೋಗಿ ಬಾಗ್ಲಲ್ ನಿಂತ್ಕೋ, ನಿನ್ ಮೂಗ್ ನೋಡುದ್ರೆ ಗೊತ್ತಾಯ್ತದೆ. ಇಪ್ಪತ್ತಾರು ವರ್ಷದಲ್ಲಿ ಆ ಮಗಳಿಗೆ ತವರಿನಿಂದ ಹೋಗುತ್ತಿರುವ ಮೊದಲನೇ ಬಾಗಿನ. ಪಂಪ್‌ಸೆಟ್ ರಿಪೇರಿಗೆ ಬಂದಿದ್ದ ಕುಣಿಗಲ್ಲಿನ ನಾಗಭೂಷಣ್ ಜೊತೆ, ಬೇರೆ ಜನದವನ ಜೊತೆ, ಹೋಗಿಬಿಟ್ಟ ಮಗಳು. ಈ ಮನೆಯಿಂದ ಅವಳಿಗೆ ಒಂದು ಹಿಡಿ ಅಕ್ಕಿಯೂ ಹೋಗಕೂಡದು ಅಂದ ಅಜ್ಜ ಬೆಟ್ಟಯ್ಯ. ಅವನು ಹೋದ ವರ್ಷ ತೀರಿಕೊಂಡ, ಅವನ ಮಾತನ್ನು ಈಗ ಅಪ್ಪ ಕಾಯುತ್ತಿದ್ದಾನೆ, ಬೇಲಿಯ ಹಾಗೆ. ನಾನು ಹುಟ್ಟಿದ್ದು ಆಮೇಲೆ. ನಮ್ಮ ಮನೆಯಲ್ಲಿ ಕುಣಿಗಲ್ ಅನ್ನುವ ಹೆಸರೇ ಎತ್ತುತ್ತಿರಲಿಲ್ಲ, ಬಸ್ಸಿನ ಬೋರ್ಡು ಓದಿದರೂ ಅಜ್ಜ ಕೆಮ್ಮುತ್ತಿದ್ದ, ಅದಕ್ಕೇ ಅಜ್ಜಿ ಕೆರೆ ಆಚೆಯ ರಾಜ್ಯ ಅಂದಳು, ಮಗಳನ್ನು ರಾಜಕುಮಾರಿ ಮಾಡಿದಳು, ತನ್ನ ಗಂಡನನ್ನು ರಾಜ ಮಾಡಿದಳು, ರಾತ್ರಿ ನನ್ನ ಬೆನ್ನು ತಟ್ಟುತ್ತ ಅವರನ್ನು ಬೈದಳು ಅತ್ತಳು. ನಾನು ಅದು ಕಥೆ ಅಂದುಕೊಂಡು ನಿದ್ದೆಹೋದೆ. ಹೋದ ತಿಂಗಳು ಗುಬ್ಬಿ ಸಂತೆಯ ಬಳೆಗಾರ್ತಿ ಅಜ್ಜಿಯ ಕಿವಿಯಲ್ಲಿ ವಿಳಾಸ ಹೇಳಿ, ಅದನ್ನು ನಾನು ಚೀಟಿಯಲ್ಲಿ ಬರೆದುಕೊಂಡ ಮೇಲೇ ರಾಜಕುಮಾರಿಗೆ ಸುಬ್ಬಲಕ್ಷ್ಮಮ್ಮ ಅಂತ ಹೆಸರಿದೆಯೆಂದು ತಿಳಿದದ್ದು. ತುಮಕೂರಿನ ಸತ್ಯಮಂಗಲದ ರಸ್ತೆ, ಮಾರಮ್ಮನ ಗುಡಿ ಹಿಂದೆ, ಮೂರನೇ ವಠಾರ. ಸತ್ಯಮಂಗಲ! ನಾನು ಎರಡು ವರ್ಷದಿಂದ ಪ್ಯಾಕಿಂಗ್ ಕಂಪನಿಗೆ ದಿನಾ ಹೋಗಿಬರುವ ರಸ್ತೆ.

ಶನಿವಾರ ಹೋಗುತ್ತಲೇ ತುಮಕೂರಲ್ಲಿ ಇಳಿ, ಕೊಡು, ಆಮೇಲೆ ನಿನ್ನ ಬೆಂಗಳೂರು ನೋಡ್ಕೊಂಡ್ ಬಾ, ನಿಮ್ಮಪ್ಪನ್ನ ನಾನ್ ನೋಡ್ಕೋತೀನಿ — ಇಷ್ಟೇ ಒಪ್ಪಂದ. ಅಪ್ಪನಿಗೆ ಹೇಳಿದ್ದು ಕಂಪನಿಯ ಟ್ರೈನಿಂಗು. ದೊಡ್ಡ ಪಟ್ಟಣವನ್ನು ಒಬ್ಬಳೇ ನೋಡಬೇಕು ಅನ್ನುವುದು ನನ್ನ ಎಷ್ಟು ದಿನದ ಹುಚ್ಚು, ಪರೀಕ್ಷೆಗೆ ಮದುವೆಗೆ ಆಸ್ಪತ್ರೆಗೆ ಅಂತ ಯಾರದೋ ಬೆನ್ನ ಹಿಂದೆ ಹೋಗಿದ್ದೆನೇ ಹೊರತು ನನ್ನ ಕಾಲು ಎಲ್ಲಿಗೆ ಎಳೆಯುತ್ತದೋ ಅಲ್ಲಿಗೆ ಹೋದವಳಲ್ಲ. ನಿಟ್ಟೂರಿನಲ್ಲಿ ರೈಲು ಹತ್ತಿದೆ, ಕಿಟಕಿ ಸೀಟು ಸಿಕ್ಕಿತು, ಹೊಸ ಜೀನ್ಸು, ಅಜ್ಜಿಯ ಒತ್ತಾಯಕ್ಕೆ ಹೆಗಲ ಮೇಲೊಂದು ದುಪಟ್ಟಾ, ಗುಬ್ಬಿ ಬಂತು ಹೋಯಿತು, ತುಮಕೂರು ಬಂತು, ದಿನಾ ನಾನು ಇಳಿಯುವ ಅದೇ ಪ್ಲಾಟ್‌ಫಾರಂ, ಮೆಟ್ಟಿಲ ಹತ್ತಿರ ನಮ್ಮ ಕಂಪನಿಯ ಚೈತನ್ಯ ಶನಿವಾರದ ಶಿಫ್ಟಿಗೆಂದು ನಿಂತಿದ್ದಳು, ಇಳಿದರೆ ಮೊರ ಹಿಡಿದುಕೊಂಡೇ ಅವಳ ಮುಂದೆ ಹಾದುಹೋಗಬೇಕು, ಏನೇ ಮಾಲಿನಿ ಅಕ್ಕಿ ಕೇರೋಕ್ ಹೊರಟ್ಯಾ ಅಂತಾಳೆ, ಮತ್ತೆ ಕಿಟಕಿ ಸೀಟು ಹೋಗುತ್ತದೆ, ಮತ್ತೆ — ಬರುವಾಗ ಕೊಟ್ಟರಾಯಿತು ಅಂತ ಅಂದುಕೊಳ್ಳುವಷ್ಟರಲ್ಲಿ ರೈಲು ಹೊರಟೇಬಿಟ್ಟಿತ್ತು, ಎಷ್ಟು ಹಗುರಾಗಿ ಹೊರಟಿತು, ತಪ್ಪು ಇಷ್ಟು ಹಗುರಾಗಿ ಹೊರಡುತ್ತದೆ ಅಂತ ಯಾವ ಕಥೆಯಲ್ಲೂ ಅಜ್ಜಿ ಹೇಳಿರಲಿಲ್ಲ. ಅಲ್ಲಿಂದ ಇಡೀ ದಿನ ಸುಖವಾಗಿದ್ದೆ, ಅದು ಇನ್ನೂ ನಾಚಿಕೆ. ಮೇಲ್ಸೇತುವೆ ಹತ್ತಿದ ಬಸ್ಸಿನಿಂದ ಮನೆಗಳ ತಾರಸಿ ನೋಡಿದೆ, ಒಗೆದ ಬಟ್ಟೆ, ಕರಿಬೇವಿನ ಕುಂಡ, ಪಾರಿವಾಳ. ಮಾರ್ಕೆಟ್ಟಿನಲ್ಲಿ ಹಬ್ಬದ ಹೂವಿನ ಬೆಟ್ಟಗಳ ನಡುವೆ ಯಾರೂ ನನ್ನನ್ನು ಯಾರ ಮಗಳು ಅಂತ ಕೇಳಲಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ನೆಲದ ಮೇಲೆ ಕೂತು ಎರಡು ಗಂಟೆ ಓದಿದೆ. ಒಂದು ಕಾಫಿಗೆ ನಮ್ಮೂರಲ್ಲಿ ಊಟವೇ ಬರುತ್ತದೆ ಅನ್ನುವಂಥ ಜಾಗದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ, ಮೊರವನ್ನು ಮಾತ್ರ ಮೇಜಿನ ಅಡಿಗೆ ಕಾಲಲ್ಲಿ ತಳ್ಳಿ — ಕಾಲಲ್ಲಿ ತಳ್ಳಿದೆ, ಹೌದು, ಆಗ ಗೊತ್ತಾಗಲಿಲ್ಲ.

ಉಳಿದುಕೊಂಡಿದ್ದು ಒಂದೇ ರೂಮಿನಲ್ಲಿ ಆರು ಹುಡುಗಿಯರು ಮೇಲೆ ಕೆಳಗೆ ಮಲಗುವ ಜಾಗದಲ್ಲಿ. ನನ್ನ ಕೆಳಗಿನ ಮಂಚ ಮೋನಿಕಾಳದು, ಪುಣೆಯವಳು, ಮೂಗಿಗೆ ಸಣ್ಣ ಬೆಳ್ಳಿ ರಿಂಗು, ಬೆನ್ನಿಗೆ ನನ್ನಷ್ಟೇ ಎತ್ತರದ ಬ್ಯಾಗು, ಲಡಾಖು ಗೋವಾ ಅಂತ ಊರುಗಳ ಹೆಸರನ್ನು ನೆಂಟರ ಹೆಸರಿನ ಹಾಗೆ ಹೇಳುವವಳು. ನೀನೂ ಸೋಲೋನಾ ಅಂದಳು. ಯಾವಾಗ್ಲೂ, ಅಂದೆ. ಯಾವಾಗ್ಲೂ! ನನ್ನ ಇಂಗ್ಲಿಷು ಹೇಗಿದ್ದರೂ ಸುಳ್ಳಿಗೆ ಸಾಕಾಗುತ್ತಿತ್ತು. ಅಪ್ಪನಿಗೆ ತೆಂಗಿನ ಎಸ್ಟೇಟ್ ಇದೆ ಅಂದೆ, ನಾಲ್ಕು ಹಸುವಿನ ಹಾಲನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೋಗುವ ಅಪ್ಪ. ನಾನು ಡಿಸೈನ್ ಕೆಲಸ ಮಾಡುತ್ತೇನೆ ಅಂದೆ, ರಟ್ಟಿನ ಡಬ್ಬಿಗೆ ಲೇಬಲ್ ಸೊಟ್ಟಗೆ ಅಂಟಿದೆಯಾ ಅಂತ ನೋಡುವ ನಾನು. ಆ ಮಾತುಗಳನ್ನು ಹೇಳುತ್ತ ನನಗೆ ಹಿಂಸೆಯೇನೂ ಆಗಲಿಲ್ಲ, ಹಾಸಿಗೆಯಲ್ಲಿ ಬೆನ್ನು ತಟ್ಟಿಸಿಕೊಂಡು ಕಥೆ ಕೇಳಿ ಬೆಳೆದವಳಿಗೆ ಇನ್ನೊಬ್ಬಳಾಗುವುದು ಅಭ್ಯಾಸ, ರಾಜಕುಮಾರಿ, ಗಿಣಿ, ಕೆರೆಯ ಕಮಲ. ಈ ಸಲ ಎಸ್ಟೇಟಿನ ಮಗಳು. ಭಾನುವಾರ ರೂಮು ಬಿಟ್ಟು ಇಬ್ಬರೂ ಒಟ್ಟಿಗೆ ಹೊರಟೆವು, ಮ್ಯೂಸಿಯಂ ನೋಡೋಣ, ಅಲ್ಲಿಂದ ನೀನು ನಿನ್ನ ದಾರಿ ನಾನು ನನ್ನ ದಾರಿ. ಮೆಟ್ರೊ ಸ್ಟೇಷನ್ನು. ಬ್ಯಾಗು ನುಂಗಿ ಆಚೆ ಉಗುಳುವ ಕಪ್ಪು ಯಂತ್ರ. ಮೋನಿಕಾಳ ಬ್ಯಾಗು ಹೋಯಿತು ಬಂತು. ನನ್ನ ಚೀಲ ಒಳಗೇ ನಿಂತಿತು.

ಯಾರ್ದಿದು ಚೀಲ, ಒಳಗೇನೋ ಗುಂಡಗೈತೆ — ತಪಾಸಣೆಗೆ ನಿಂತಿದ್ದಾಕೆ ಖಾಕಿ ಸೀರೆಯ ಮೇಲೆ ಬೆಲ್ಟು ಹಾಕಿಕೊಂಡಿದ್ದ ನಲವತ್ತರ ಹೆಂಗಸು, ಮುಡಿಯಲ್ಲಿ ಒಂದೇ ಒಂದು ಸೇವಂತಿಗೆ. ಪರದೆಯ ಮೇಲೆ ನಮ್ಮ ತೋಟದ ತೆಂಗಿನಕಾಯಿ ಕಿತ್ತಳೆ ಬಣ್ಣದ ತಲೆಬುರುಡೆಯ ಹಾಗೆ ಕಾಣುತ್ತಿತ್ತು. ಚೀಲದ ಬಾಯಿ ಅಗಲಿಸಿ ನೋಡಿದಳು, ಮೊರದ ಅಂಚು ಕಂಡಿತು, ಅವಳ ಮುಖ ಸಡಿಲವಾಯಿತು, ಓ ಗೌರಿ ಬಾಗಿನಾನಾ, ಹಂಗಾದ್ರೆ ಬಿಚ್ಚೋದ್ ಬ್ಯಾಡ, ಇತ್ಲಾಗ್ ಬಾರಮ್ಮ, ಸಾರ್‌ಗೊಂದ್ ಮಾತ್ ಹೇಳ್ತೀನಿ. ಅಷ್ಟೇ. ಅವಳು ಬಾಗಿಲು ತೆಗೆದು ಹಿಡಿದಿದ್ದಳು, ನಾನು ಹೂಂ ಅಂದು ದಾಟಿಬಿಡಬಹುದಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಸ್ ಅಂತ ಉಸಿರು ಬಿಟ್ಟರು, ಮೋನಿಕಾ ಆ ಕಡೆಯಿಂದ ಫೋನು ಹಿಡಿದುಕೊಂಡು ಬಂದಳು, ವಾವ್, ವಾಟ್ ಈಸ್ ದಿಸ್? ಅವಳ ಕಣ್ಣು ಮೊರವನ್ನು ನೋಡಿ ನನ್ನನ್ನು ನೋಡಿತು, ಮತ್ತೆ ಮೊರ, ಮತ್ತೆ ನಾನು, ಎರಡನ್ನೂ ಜೋಡಿಸುತ್ತಿದೆ ಅನ್ನಿಸಿತು, ಇನ್ನೊಂದು ಕ್ಷಣಕ್ಕೆ ಸೈಕಲ್ಲು ಹಾಲಿನ ಕ್ಯಾನು ರಟ್ಟಿನ ಡಬ್ಬಿ ಎಲ್ಲ ಆ ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಕಾಣಿಸಿಬಿಡುತ್ತದೆ ಅನ್ನಿಸಿತು, ನಾನು ಹೇಳಿದೆ, ಇಂಗ್ಲಿಷಿನಲ್ಲಿ ಅವಳಿಗೆ, ಆಮೇಲೆ ಕನ್ನಡದಲ್ಲಿ ಇವಳಿಗೆ, ಎರಡೆರಡು ಸಲ ಹೇಳಿದೆ: ನಂದಲ್ಲ ಇದು, ನಮ್ಮನೆ ಕೆಲಸದಮ್ಮಂದು, ಅವಳ ಕಡೆಯವರಿಗೆ ಯಾರಿಗೋ ತಲುಪಿಸಬೇಕಂತೆ, ಪರವಾಗಿಲ್ಲ ಬಿಚ್ಚಿ. ಖಾಕಿ ಸೀರೆಯವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನಾನ್ ಬಿಚ್ಚಲ್ಲಮ್ಮ ಇನ್ನೊಬ್ರ್ ಬಾಗಿನಾನ, ನೀವೇ ಬಿಚ್ಚಿ, ಹೆಂಗೂ ನಿಮ್ದಲ್ವಲ್ಲ. ನಾನು ದಾರ ಎಳೆದೆ. ಅಜ್ಜಿಯ ಗಂಟು ಬಿಚ್ಚಲಿಲ್ಲ, ದಾರ ತುಂಡಾಯಿತು, ಮೇಲಿನ ಮೊರ ಜಾರಿತು, ರವಿಕೆ ಕಣದೊಳಗಿಂದ ಒಂದು ಬಟ್ಟೆಯ ಪುಟ್ಟ ಗಂಟು ಉರುಳಿ ಬಿದ್ದು ಬಾಯಿ ಬಿಟ್ಟಿತು, ಗುಲಗಂಜಿ — ಕೆಂಪು ಮೈಗೆ ಕಪ್ಪು ಬೊಟ್ಟಿನ ಗುಲಗಂಜಿ, ಆ ಕನ್ನಡಿಯಂಥ ಕಲ್ಲು ನೆಲದ ಮೇಲೆ ಪುಟಿದು ಪುಟಿದು ಎಲ್ಲರ ಬೂಟುಗಳ ನಡುವೆ. ಅಯ್ಯೋ ಅಜ್ಜೀ, ಅಂದೆ. ಬಾಯಿ ತಾನಾಗಿ ಅಂದಿತು. ಮೋನಿಕಾಗೆ ಕನ್ನಡ ಬರುವುದಿಲ್ಲ. ಖಾಕಿ ಸೀರೆಯವಳು ತಲೆ ಎತ್ತಿ ಒಂದು ಸಲ ನನ್ನನ್ನು ನೋಡಿದಳು.

ಆಮೇಲೆ ಮಂಡಿಯೂರಿದಳು. ನಮ್ಮ ಮನೆಯ ಅಳಗುಳಿಮಣೆಗೆ ಕಾಯಿಗಳಿರಲಿಲ್ಲ, ಹದಿನಾಲ್ಕು ಗುಳಿಯೂ ಖಾಲಿ, ಅಜ್ಜಿ ಅದರ ಮೇಲೆ ದೀಪದ ಬುಡ್ಡಿ ಇಡುತ್ತಿದ್ದಳು, ಕಾಯಿ ಎಲ್ಲಜ್ಜಿ ಅಂದರೆ ರಾಜಕುಮಾರಿ ಆಟ ಅರ್ಧಕ್ ಬುಟ್ಟು ಹೋದ್ಲಲ್ಲ, ಜೊತೇಲೇ ಹೋದ್ವು ಅನ್ನುತ್ತಿದ್ದಳು. ಹೋಗಿರಲಿಲ್ಲ. ಇಪ್ಪತ್ತಾರು ವರ್ಷ ಅಜ್ಜಿ ಅವನ್ನು ಎಲ್ಲಿಟ್ಟಿದ್ದಳೋ, ಅಕ್ಕಿಯ ಮಡಕೆಯಲ್ಲೋ, ತನ್ನ ಸೊಂಟದ ಚೀಲದಲ್ಲೋ, ಅವು ಈಗ ಬೆಂಗಳೂರಿನ ನೆಲದ ಮೇಲೆ ಉರುಳುತ್ತಿದ್ದವು, ನಾನು ಬಗ್ಗಲಿಲ್ಲ. ಬಗ್ಗಲಿಲ್ಲ! ಕೆಲಸದಮ್ಮನ ಸಾಮಾನಿಗೆ ಎಸ್ಟೇಟಿನ ಮಗಳು ಬಗ್ಗುತ್ತಾಳೆಯೇ, ಶುರು ಮಾಡಿದ ಕಥೆಯೊಳಗೇ ಸಿಕ್ಕಿಕೊಂಡು ನಿಂತಿದ್ದೆ, ಮೊಣಕಾಲು ಬಗ್ಗಲು ಒದ್ದಾಡುತ್ತಿತ್ತು, ಮೋನಿಕಾ ಸೋ ಕ್ಯೂಟ್ ಸೋ ಕ್ಯೂಟ್ ಅನ್ನುತ್ತ ಫೋಟೊ ತೆಗೆಯುತ್ತಿದ್ದಳು, ಯಾರದೋ ಟ್ರಾಲಿಯ ಚಕ್ರದ ಅಡಿಯಿಂದ ಆಕೆ ಒಂದನ್ನು ಉಗುರಲ್ಲಿ ಎಬ್ಬಿಸಿದಳು, ಸಾಲಿನವರಿಗೆ ವಸಿ ನಿಂತ್ಕೊಳ್ರಪ್ಪ, ತುಳೀಬ್ಯಾಡ್ರಿ ಅಂದಳು. ಎಲ್ಲ ಆರಿಸಿ, ಬಟ್ಟೆಗೆ ಹಾಕಿ ಗಂಟು ಕಟ್ಟಿ, ಮೊರಕ್ಕೆ ಮೊರ ಮುಚ್ಚಿ, ನನ್ನ ಕೈಗೆ ಕೊಡುವಾಗ ಹೇಳಿದ್ದು ಇಷ್ಟು: ನಿಮ್ ಕೆಲಸದಮ್ಮಂಗ್ ಹೇಳಿ, ಒಂದೂ ಬುಡದಂಗ್ ಆರಿಸ್ಕೊಟ್ಟಿದೀನಿ ಅಂತ. ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ. ಅವಳ ಖಾಕಿ ಸೀರೆಯ ಎರಡೂ ಮಂಡಿಯ ಹತ್ತಿರ ದುಂಡಗೆ ಧೂಳಿನ ಗುರುತು. ಕಣ್ಣು ಮುಚ್ಚಿದರೆ ಆ ಎರಡು ಗುರುತು, ತೆರೆದರೆ ಹಿರೇಹಳ್ಳಿ ಸ್ಟೇಷನ್ನಿನ ಹಳದಿ ಫಲಕ, ಮತ್ತೆ ಮುಚ್ಚಿದರೆ ಮತ್ತೆ ಅವೇ.

ಆಫೀಸಿನಿಂದ ಕರೆ ಬಂತು ಅಂತ ಮೋನಿಕಾಳಿಗೆ ಹೇಳಿ ಮ್ಯೂಸಿಯಮ್ಮಿಗೆ ಹೋಗದೆ ಬಂದುಬಿಟ್ಟೆ. ಫೋನು ಗುಂಯ್ ಅನ್ನುತ್ತದೆ. ಅವಳು ಫೋಟೊ ಹಾಕಿದ್ದಾಳೆ, ತೆರೆದುಬಿದ್ದ ಮೊರ, ಬಿಚ್ಚೋಲೆ, ಕನ್ನಡಿಯಲ್ಲಿ ಟ್ಯೂಬ್‌ಲೈಟು, ಮೂಲೆಯಲ್ಲಿ ನನ್ನ ಬೂಟು. ಗೆಳತಿಯ ಮನೆಗೆಲಸದವಳ ಹಬ್ಬದ ಬುಟ್ಟಿ ಅಂತ ಬರೆದು ನನ್ನ ಹೆಸರು ಸೇರಿಸಿದ್ದಾಳೆ. ಅದರ ಕೆಳಗೆ ಚೈತನ್ಯಳ ಮೆಸೇಜು: ಏನ್ಲೇ ಮಾಲಿ, ನಿಮ್ಮನೇಗ್ ಕೆಲಸದೋರ್ ಯಾವಾಗ್ ಬಂದ್ರೇ, ನಮಗೂ ಒಬ್ರನ್ ಕಳ್ಸೇ, ಲೇಬಲ್ ಅಂಟಿಸ್ತಾರೆ. ಪಕ್ಕದಲ್ಲಿ ನಗುವ ಮುಖ, ಮೂರು. ಚೈತನ್ಯ ನಮ್ಮ ಮನೆಗೆ ಬಂದಿದ್ದಾಳೆ, ಅಜ್ಜಿಯ ಕೈಯ ಮುದ್ದೆ ಉಂಡಿದ್ದಾಳೆ, ನಿಮ್ಮಜ್ಜಿ ನನಗ್ ಕೊಟ್ ಬುಡೇ ಅಂದಿದ್ದಾಳೆ. ಫೋನನ್ನು ಕವುಚಿ ಇಟ್ಟೆ. ಇಳಿಯದೇ ಹೋಗಿಬಿಟ್ಟರೆ? ಈ ರೈಲು ತುಮಕೂರು ದಾಟಿ ಗುಬ್ಬಿ ದಾಟಿ ನಿಟ್ಟೂರಿಗೆ ಹೋಗುತ್ತದೆ, ಟಿಕೆಟ್ಟೂ ಅಲ್ಲಿವರೆಗಿದೆ, ದಾರಿಯಲ್ಲಿ ಯಾವುದಾದರೂ ಗುಡಿಯ ಕಟ್ಟೆಯ ಮೇಲೆ ಮೊರ ಇಟ್ಟು, ಅಜ್ಜೀ ಕೊಟ್ಟೆ ಕಣಜ್ಜಿ, ಅತ್ತೆ ಕಣ್ಣಿಗೊತ್ತಿಕೊಂಡರು ಅಂದರೆ ಯಾರು ನೋಡಲು ಬರುತ್ತಾರೆ, ಇಬ್ಬರೂ ಮಾತಾಡಿ ಇಪ್ಪತ್ತಾರು ವರ್ಷ. ನಾನು ಹೇಳುತ್ತ ಹೋದರೆ ಚೆನ್ನಾಗಿಯೇ ಹೇಳುತ್ತೇನೆ, ಅಜ್ಜಿಯ ಮೊಮ್ಮಗಳಲ್ಲವೇ, ಅತ್ತೆಯ ಮನೆ ಹೀಗಿತ್ತು, ಬಾಗಿಲಿಗೆ ಮಾವಿನೆಲೆ, ಅಂಗಳದಲ್ಲಿ ರಂಗೋಲಿ, ಅಜ್ಜಿ ಕಣ್ಣೊರೆಸಿಕೊಂಡು ಆಮೇಲೇನಾಯ್ತು ಅನ್ನುತ್ತಾಳೆ, ನಾನು ಹೇಳುತ್ತೇನೆ — ಕ್ಯಾತ್ಸಂದ್ರ. ಎದುರಿನ ಹೆಂಗಸು ಸಿಪ್ಪೆಯನ್ನು ಕಿಟಕಿಯಾಚೆ ಕೊಡವಿ ನಿನ್ ಸ್ಟೇಷನ್ ಬಂತ್ ನೋಡವ್ವ ಅಂದಳು. ಇನ್ನೂ ಬಂದಿರಲಿಲ್ಲ, ಆದರೂ ಎದ್ದೆ, ಕೂತಿದ್ದರೆ ಏಳಲಾರೆ ಅಂತ ಬಾಗಿಲ ಹತ್ತಿರವೇ ಹೋಗಿ ನಿಂತೆ.

ತುಮಕೂರಿನಲ್ಲಿ ಇಳಿದೆ. ಆಟೊ ಹಿಡಿಯಲಿಲ್ಲ, ನಡೆಯುವಷ್ಟು ಹೊತ್ತಾದರೂ ಸಿಗಲಿ ಅಂತ. ಗ್ರಂಥಿಗೆ ಅಂಗಡಿಯಲ್ಲಿ ಅರಿಶಿನದ ದಾರ ಕೇಳಿದೆ, ಅಂಗಡಿಯ ಕಟ್ಟೆಯ ಮೇಲೇ ಮೊರ ಇಟ್ಟು ಸುತ್ತಿದೆ, ಅಜ್ಜಿಯ ಗಂಟು ಬರಲಿಲ್ಲ, ನಾನು ಡಬ್ಬಿಗೆ ಹಾಕುವ ಪ್ಯಾಕಿಂಗಿನ ಗಂಟೇ ಬಂತು, ಬಿಗಿಯಾಗಿ, ಸೊಟ್ಟವಿಲ್ಲದೆ. ನೋಡಿದರೆ ಯಾರಿಗೂ ಬಿಚ್ಚಿದ್ದು ಗೊತ್ತಾಗದು, ನನಗೇ ಗೊತ್ತಾಗದಷ್ಟು ಚೆನ್ನಾಗಿತ್ತು. ಮಾರಮ್ಮನ ಗುಡಿ, ಹಿಂದಿನ ಓಣಿ, ಮೂರನೇ ವಠಾರ. ಮಾವಿನೆಲೆ ಇರಲಿಲ್ಲ, ರಂಗೋಲಿ ಬೆಳಗಿನದು, ಯಾರೋ ಸ್ಕೂಟರ್ ಹತ್ತಿಸಿ ಅಳಿಸಿದ್ದರು. ಜಗುಲಿಯಲ್ಲೇ ಹೊಲಿಗೆ ಮೆಶಿನ್ನು, ಅದರ ಹಿಂದೆ ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸು, ಕತ್ತಿಗೆ ಟೇಪು, ಬಾಯಲ್ಲಿ ದಾರದ ತುದಿ. ಬ್ಲೌಸಾಮ್ಮ? ಹಬ್ಬದೊಳಗ್ ಆಗಲ್ಲ, ಆಗ್ಲೇ ರಾಶಿ ಬಿದ್ದವೆ, ಎಲ್ರಿಗೂ ಸೋಮ್ವಾರವೇ ಬೇಕು, ನಂಗೇನ್ ಹತ್ ಕೈ ಅವ್ಯಾ. ಅಜ್ಜಿಯ ಧ್ವನಿ. ಅಜ್ಜಿಯ ಧ್ವನಿ ಅವಳ ಗಂಟಲಲ್ಲಿ ಕೂತಿತ್ತು, ವಯಸ್ಸು ಕಡಿಮೆಯಾಗಿ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಚೆಲ್ಲಿಹೋಯಿತು. ನಿಟ್ಟೂರಿಂದ ಬಂದೆ, ಅಂದೆ. ಮೆಶಿನ್ನಿನ ಚಕ್ರ ಇನ್ನೆರಡು ಸುತ್ತು ತಿರುಗಿ ನಿಂತಿತು. ತಿಪ್ಪಮ್ಮನ ಮೊಮ್ಮಗಳು, ಅಂದೆ. ಆಕೆ ಕನ್ನಡಕ ತೆಗೆದಳು, ಮೂಗು ನೋಡಿದಳು, ಮತ್ತೆ ಹಾಕಿಕೊಂಡಳು. ಅಣ್ಣನ್ ಮಗಳಾ? ಹೂಂ. ಅಪ್ಪಯ್ಯ ಹೋದ ಸುದ್ದಿ ಬಳೆಗಾರ್ತಿ ಹೇಳಿದ್ಲು, ತಲೇಗ್ ನೀರ್ ಹಾಕ್ಕಂಡೆ. ಅಣ್ಣ ಕಳ್ಸಿದ್ನಾ ನಿನ್ನ? ಇಲ್ಲ ಅತ್ತೆ, ಅಪ್ಪನಿಗೆ ಗೊತ್ತಿಲ್ಲ, ಅಜ್ಜಿ ಕಳಿಸಿದ್ದು, ಬಾಗಿನ.

ಬಾಗಿನ ಅನ್ನುವ ಮಾತಿಗೆ ಆಕೆಯ ಕೈ ತಾನಾಗಿ ಸೆರಗು ಹುಡುಕಿ ಹೆಗಲ ಮೇಲೆ ಎಳೆದುಕೊಂಡಿತು, ಎದ್ದಳು, ಮೆಶಿನ್ನಿನ ಮೇಲಿದ್ದ ಕತ್ತರಿ ಬಿತ್ತು. ಎರಡು ಹೆಜ್ಜೆ ಬಂದಳು. ಕೊಟ್ಟುಬಿಡು, ಕೊಟ್ಟು ಓಡಿಬಿಡು ಅಂತು ಒಳಗೊಂದು, ಗಂಟು ಚೆನ್ನಾಗೇ ಇದೆ, ಇವಳ ಮುಖ ನೋಡು, ಈ ಮುಖಕ್ಕೆ ಯಾಕೆ ಹೇಳುತ್ತೀಯ — ಅತ್ತೆ, ಇದನ್ನು ನಾನು ಬಿಚ್ಚಿಬಿಟ್ಟೆ, ಅಂದೆ. ಎಲ್ಲ ಹೇಳಿದೆ, ನಿಲ್ಲದೆ ಹೇಳಿದೆ, ರೈಲಿಂದ ಇಳಿಯದೇ ಹೋದದ್ದು, ಕಪ್ಪು ಯಂತ್ರ, ನೆಲ, ಗುಲಗಂಜಿ, ಇನ್ನೊಬ್ಬಳು ಆರಿಸಿದ್ದು, ನಾನು ಬಗ್ಗದೇ ನಿಂತದ್ದು. ಯಾರ್ದು ಅಂದೆ ನೀನು? ಅಂದಳು. ನಮ್ಮನೆ ಕೆಲಸದಮ್ಮಂದು ಅಂದೆ. ನಗುವಿನಂಥದ್ದೊಂದು ಅವಳ ಮೂಗಿನಿಂದ ಬಂತು, ನಗುವಲ್ಲ. ಸರಿಯಾಗೇ ಹೇಳಿದೀಯ ಬುಡು, ಆ ಮನೇಲಿ ಅವ್ವ ಇನ್ನೇನಾಗಿದ್ಲು. ಅದು ಕೆನ್ನೆಗೆ ಬಿತ್ತು, ನನಗೋ, ಅಪ್ಪನಿಗೋ, ಸತ್ತ ಅಜ್ಜನಿಗೋ, ಸಾಲಾಗಿ ನಿಂತ ಎಲ್ಲರಿಗೂ. ತಲೆ ತಗ್ಗಿಸಿದೆ. ನೆಲದ ಮೇಲೆ ಬಣ್ಣಬಣ್ಣದ ಬಟ್ಟೆಯ ಚೂರು.

ಸುಬ್ಬಕ್ಕಾ, ಯಾರ್ ಬಂದಿರೋದು, ಮೊರ ತಂದಂಗದೆ? ಎದುರು ಮನೆಯ ಬಾಗಿಲಲ್ಲಿ ಪೊರಕೆ ಹಿಡಿದ ಒಬ್ಬಾಕೆ. ಅತ್ತೆ ಅವಳ ಕಡೆ ನೋಡಲಿಲ್ಲ. ಗಂಗಲಕ್ಷ್ಮಮ್ಮ ಅಂತ, ಅಂದಳು ನನಗೆ ಮಾತ್ರ ಕೇಳುವ ಹಾಗೆ, ತುಟಿ ಅಲ್ಲಾಡಿಸದೆ. ಈಗ ಬೀದಿಗೆಲ್ಲ ಗೊತ್ತಾಯ್ತದೆ. ಇಲ್ಲೆಲ್ಲ ನಮ್ಮವ್ವ ಸತ್ತೋಗವ್ಳೆ ಅಂತ ಹೇಳಿದೀನಿ ಕಣೆ ನಾನು. ಮದ್ವೆಯಾದ್ ಮೊದಲ್ನೇ ಗೌರಿಗೇ ಕೇಳುದ್ರು, ತವರಿಂದ ಯಾಕ್ ಬರ್ಲಿಲ್ಲ ಅಂತ, ಅಪ್ಪ ಒಲ್ಲೆ ಅಂದ ಅಂತ ಹೇಳೋಕ್ ನಾಲ್ಗೆ ಏಳ್ಲಿಲ್ಲ, ಅವ್ವ ಇಲ್ಲ ಅಂದ್ಬುಟ್ಟೆ. ಆಮೇಲ್ ಆ ಸುಳ್ಳು ಕಾಯ್ಬೇಕಲ್ಲ. ಮಾಲಯ ಅಮಾಸೆಗೆ ಎಡೆ ಇಡಲ್ವಾ ಅಂತ ಇವಳೇ ಕೇಳುದ್ಲು. ಇಟ್ಟೆ. ವರ್ಷಾ ವರ್ಷಾ ಇಟ್ಟಿದೀನಿ, ಹೊಸ ಸೀರೆ ಮಡಗಿ, ಎಲೆ ಹಾಕಿ, ಬದುಕಿರೋಳಿಗೆ. ಅವ್ವಂಗೆ ಅದ್ ಮುಟ್ಟುದ್ರೆ ಏನಾಯ್ತದೋ ಅಂತ ಉಪ್ಪು ಹಾಕ್ತಿರ್ಲಿಲ್ಲ ಕಣೆ, ಉಪ್ಪಿಲ್ದಿದ್ರೆ ಮುಟ್ಟಲ್ಲ ಅಂತ. ಉಪ್ಪಿಲ್ಲದ ಎಡೆ. ನಾನು ತಲೆ ಎತ್ತಿದೆ. ಅತ್ತೆಯ ಕಿವಿ ಕೆಂಪಾಗಿತ್ತು, ಕಿವಿಯಿಂದ ಕತ್ತಿನವರೆಗೆ, ನನಗೆ ಬರುವ ಕೆಂಪೇ, ಅದೇ ಜಾಗದಲ್ಲಿ.

ಗಂಗಲಕ್ಷ್ಮಮ್ಮ ಓಣಿ ದಾಟಿ ಬಂದೇಬಿಟ್ಟಳು. ಯಾರ್ ಸುಬ್ಬಕ್ಕ ಈ ಹುಡ್ಗಿ? ನನ್ನ ತಲೆಯೊಳಗೆ ಮೂರು ಸುಳ್ಳು ತಯಾರಾಗಿ ನಿಂತವು, ನಾನು ಕಂಪನಿಯವಳು, ಹೊಲಿಗೆಯವರಿಗೆಲ್ಲ ಬಾಗಿನ ಕೊಡ್ತಾ ಇದ್ದೀವಿ. ಇವರ ಗಂಡನ ಕಡೆಯವಳು, ಕುಣಿಗಲ್ಲಿಂದ ಬಂದೆ. ವಿಳಾಸ ತಪ್ಪಿ ಬಂದೆ — ಒಂದಕ್ಕಿಂತ ಒಂದು ಚೆನ್ನಾಗಿದ್ದವು, ಯಾವುದನ್ನು ಎಸೆದರೂ ಅತ್ತೆ ಹಿಡಿದುಕೊಂಡು ಬಚಾವಾಗುತ್ತಿದ್ದಳು, ಅತ್ತೆಯ ಕಡೆ ನೋಡಿದೆ, ಯಾವುದು ಬೇಕು ಅನ್ನುವ ಹಾಗೆ. ಆಕೆ ಕತ್ತಿನ ಟೇಪು ತೆಗೆದು ಮೆಶಿನ್ನಿನ ಮೇಲಿಟ್ಟಳು. ಅಲ್ಲಿ ಹೇಳ್ಲಿಲ್ವಲ್ಲ, ಇಲ್ಲಿ ಹೇಳು ಅಂದಳು. ವೇಲ್ ಹೊದ್ಸೆ ಮೊರಕ್ಕೆ, ಹಂಗೇ ಕೊಡ್ಬಾರ್ದು, ಯಾರು ಯಾರಿಗ್ ಕಳ್ಸವ್ರೆ ಅಂತ ಹೆಸರು ಹೇಳಿ ಕೊಡ್ಬೇಕು, ಜೋರಾಗ್ ಹೇಳು. ಅತ್ತೆ, ಬೀದಿ... ಅಂದೆ. ಬೀದಿ ಕೇಳುಸ್ಕೊಳ್ಳಿ ಅಂತ್ಲೇ. ಹೆಗಲ ದುಪಟ್ಟಾದ ತುದಿ ಹೊದಿಸಿದೆ, ಎರಡೂ ಕೈಯಲ್ಲಿ ಮೊರ ಎತ್ತಿದೆ, ಎಷ್ಟು ಭಾರ, ಎರಡು ದಿನ ಹೊತ್ತಿದ್ದೇನೆ, ಇಷ್ಟು ಭಾರವಿರಲಿಲ್ಲ. ನಿಟ್ಟೂರಿನ ತಿಪ್ಪಮ್ಮ — ಧ್ವನಿ ಒಡೆಯಿತು, ಮತ್ತೆ ಶುರುಮಾಡಿದೆ — ನಿಟ್ಟೂರಿನ ತಿಪ್ಪಮ್ಮ, ನಮ್ಮಜ್ಜಿ, ಚೆನ್ನಾಗಿದ್ದಾಳೆ, ತನ್ನ ಮಗಳು ಸುಬ್ಬಲಕ್ಷ್ಮಮ್ಮನಿಗೆ ಗೌರಿ ಬಾಗಿನ ಕಳಿಸಿದ್ದಾಳೆ, ತಗೊಳ್ಳಿ ಅತ್ತೆ. ಗಂಗಲಕ್ಷ್ಮಮ್ಮನ ಪೊರಕೆ ಅಲ್ಲೇ ನಿಂತಿತು. ಅವ್ವನಾ? ಯಾವ್ ಅವ್ವ? ನೀನು... ಎಡೆ... ಅಂದಳು. ನಂಗಿರೋಳ್ ಒಬ್ಳೇ, ಅಂದಳು ಅತ್ತೆ, ಅವಳ ಕಡೆ ತಿರುಗದೆ, ಬದುಕವ್ಳೆ. ಸೆರಗಿನೊಳಗಿನ ಅವಳ ಕೈ ದುಪಟ್ಟಾದೊಳಗಿನ ನನ್ನ ಕೈಗೆ ತಾಕಿತು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ, ಮೊರ ಹೋಯಿತು, ಪೂರ್ತಿ ಹೋಯಿತು, ಆಕೆ ಅದನ್ನು ಎದೆಗೆ ಅವಚಿಕೊಂಡು ನಿಂತಿದ್ದಾಳೆ, ಗಂಗಲಕ್ಷ್ಮಮ್ಮ ಬಾಯಿ ತೆರೆದುಕೊಂಡು ನಿಂತಿದ್ದಾಳೆ, ದುಪಟ್ಟಾದ ಅಡಿಯಲ್ಲಿ ನನ್ನ ಎರಡು ಕೈ ಇನ್ನೂ ಚಾಚಿಕೊಂಡೇ ಇವೆ, ಖಾಲಿ, ಅಂಗೈ ಮೇಲಾಗಿ, ಎರಡು ಕೈ.